ವಾಘೋಬನ ಊರಿನ ಮಕ್ಕಳು

ಗೋರೆಗಾಂವ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು, ಶೇರ್ ರಿಕ್ಷಾ ಹಿಡಿದು, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ ದಾಟಿದರೆ ಆರೇ ಚೆಕ್‌ನಾಕಾ. ಅಲ್ಲಿಯ ತನಕ ಎಲ್ಲವೂ ನಾವು ಬಲ್ಲ ಮುಂಬೈಯೇ. ವಡಾಪಾವ್ ಗಾಡಿ, ಹಾರ್ನ್ ಸದ್ದು, ಒಂದರ ಹೆಗಲಿಗೆ ಒಂದು ತಾಗಿ ನಿಂತ ಕಟ್ಟಡಗಳು. ನಾಕಾ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ತಣ್ಣಗಾಗುತ್ತದೆ. ರಸ್ತೆಯ ಎರಡೂ ಬದಿಯ ಮರಗಳು ನೆತ್ತಿಯ ಮೇಲೆ ಕೂಡಿಕೊಂಡು ಬಿಸಿಲನ್ನು ಸೋಸಿ ಕೆಳಗಿಳಿಸುತ್ತವೆ. ಹಸಿಮಣ್ಣಿನ ವಾಸನೆ, ದೂರದ ತಬೇಲಾದಿಂದ ಎಮ್ಮೆಯ ಕೂಗು, ಪೊದೆಯಲ್ಲಿ ಕೆಂಬೂತದ ಗುಟುರು. ಸಿದ್ದಾಪುರದ ಕಡೆಯ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾಗಿ, ಮಗನ ಮನೆಗೆಂದು ಈ ಊರಿಗೆ ಬಂದವಳು ನಾನು. ಎರಡು ಕೋಟಿ ಜನರ ಮಹಾನಗರದ ನಡುವೆ ನನ್ನ ಮಲೆನಾಡಿನ ಗಾಳಿ ಮುಖಕ್ಕೆ ಬಡಿದಾಗ ರಿಕ್ಷಾದವನಿಗೆ ನಿಲ್ಲಿಸಲು ಹೇಳಿ ಇಳಿದುಬಿಟ್ಟೆ. ಉಳಿದ ದಾರಿಯನ್ನು ನಡೆದೇ ಹೋದೆ.

ಆರೇ ಮಿಲ್ಕ್ ಕಾಲೊನಿ ಹುಟ್ಟಿದ್ದು 1949ರಲ್ಲಿ. ಮುಂಬೈಯ ಗಲ್ಲಿಗಲ್ಲಿಗಳಲ್ಲಿದ್ದ ಎಮ್ಮೆ ಕೊಟ್ಟಿಗೆಗಳನ್ನು ಊರಾಚೆಗೆ ತಂದು, ನಗರಕ್ಕೆ ಶುದ್ಧ ಹಾಲು ಕೊಡಬೇಕೆಂದು ಹೊರಟವರು ದಾರಾ ಖುರೋಡಿ. ಮುಂದೆ 1963ರಲ್ಲಿ ವರ್ಗೀಸ್ ಕುರಿಯನ್ ಮತ್ತು ತ್ರಿಭುವನದಾಸ್ ಪಟೇಲರ ಜೊತೆ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು ಅವರು. 1951ರಲ್ಲಿ ಜವಾಹರಲಾಲ್ ನೆಹರೂ ಬಂದು ಇಲ್ಲಿ ಗಿಡ ನೆಟ್ಟರು. ಸುಮಾರು 1,287 ಹೆಕ್ಟೇರ್ ನೆಲ, 32 ತಬೇಲಾಗಳು. ಉತ್ತರಕ್ಕೆ ಹೋದರೆ ಈ ಹಸಿರು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ನೂರಕ್ಕೂ ಹೆಚ್ಚು ಚದರ ಕಿಲೋಮೀಟರಿನ ಕಾಡಿನೊಳಗೆ ಸೇರಿಹೋಗುತ್ತದೆ. ಎಮ್ಮೆಗಳು ಬರುವುದಕ್ಕೆ ಬಹಳ ಮೊದಲೇ ಈ ನೆಲದಲ್ಲಿ ಜನರಿದ್ದರು. ವಾರಲಿ, ಮಲ್ಹಾರ್ ಕೋಳಿ, ಕೋಕಣಾ ಜನರ 27 ಪಾಡಾಗಳು, ಅಂದರೆ ಹಾಡಿಗಳು, ಆರೇಯ ಮರಗಳ ನಡುವೆ ಇಂದಿಗೂ ಇವೆ. ಖಾಂಬಾಚಾ ಪಾಡಾ, ಜೀವಾಚಾ ಪಾಡಾ, ಚಾಫ್ಯಾಚಾ ಪಾಡಾ, ಕೇಲ್ಟಿ ಪಾಡಾ. ಒಂದೊಂದರಲ್ಲೂ ಕೆಲವೇ ಹತ್ತು ಮನೆಗಳು, ಹಿತ್ತಿಲಲ್ಲಿ ಬಾಳೆ, ತುಂಡು ಗದ್ದೆ, ಅಂಗಳದಲ್ಲಿ ಕೋಳಿ. ಅಂಥದೊಂದು ಪಾಡಾದ ಪಕ್ಕದ ಶಾಲೆಗೆ ನಾನು ಸ್ವಯಂಸೇವಕಿಯಾಗಿ ಸೇರಿಕೊಂಡೆ. ಬೆಳಗ್ಗೆ ಮಕ್ಕಳಿಗೆ ಪುಸ್ತಕ ಓದಿಸುವುದು, ಮಧ್ಯಾಹ್ನದ ಮೇಲೆ ಪಾಡಾದ ಸಮಾಜ ಮಂದಿರದ ಜಗಲಿಯಲ್ಲಿ ಅವರದೇ ಲೆಕ್ಕ, ಬರವಣಿಗೆ ನೋಡಿಕೊಡುವುದು. ಇಷ್ಟೇ ನನ್ನ ಪಾಲಿನ ಕೆಲಸ.

ಮೊದಲ ವಾರಗಳಲ್ಲಿ ಮಕ್ಕಳು ನನ್ನನ್ನು ದೂರದಿಂದಲೇ ಅಳೆದರು. ಈ ಪಾಡಾಗಳಿಗೆ ಹೊರಗಿನವರು ಬರುವುದು ಹೊಸತಲ್ಲ. ಕಾಲೇಜಿನವರು ಬರುತ್ತಾರೆ, ಕಂಪನಿಯವರು ಬಸ್ಸು ಮಾಡಿಕೊಂಡು ಬರುತ್ತಾರೆ. ಚೀಲ, ಛತ್ರಿ, ಬಿಸ್ಕತ್ತು ಹಂಚಿ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಹೋಗುತ್ತಾರೆ. ಹಾಗಾಗಿ ಹೊಸಬರು ಬಂದರೆ ಮಕ್ಕಳು ಸಾಲಾಗಿ ನಿಲ್ಲುವುದನ್ನು ತಾವೇ ಕಲಿತುಬಿಟ್ಟಿದ್ದರು. ನಾನೂ ಹೋದ ಮೊದಲ ದಿನ ಹಾಗೆಯೇ ನಿಂತರು. ಕೈಯಲ್ಲಿ ಏನೂ ಇಲ್ಲದ್ದನ್ನು ಕಂಡು ಚದುರಿದರು. ಮರುವಾರ ಅದೇ ಹೊತ್ತಿಗೆ ಹೋದೆ. ಅದರ ಮರುವಾರವೂ ಹೋದೆ. ಮಳೆ ಹಿಡಿದು ಲೋಕಲ್ ಗಾಡಿಗಳು ತಡವಾದ ದಿನವೂ ಕೊಡೆ ಹಿಡಿದು ಕೆಸರು ತುಳಿದುಕೊಂಡು ಹೋದಾಗ ಒಬ್ಬ ಹುಡುಗ ಜಗಲಿಯಿಂದ ಜಿಗಿದು ‘ಕಾನಡಿ ಆಜಿ ಆಲೀ!’ ಎಂದು ಕೂಗಿದ. ಕನ್ನಡದ ಅಜ್ಜಿ ಬಂದಳು! ಅಂದಿನಿಂದ ಆರೇಯಲ್ಲಿ ನನಗೆ ಅದೇ ಹೆಸರು. ಮೂರು ದಶಕ ‘ಅಕ್ಕೋರೇ’ ಎನ್ನಿಸಿಕೊಂಡವಳಿಗೆ ಸಿಕ್ಕ ಈ ಹೊಸ ಹೆಸರು ಕಿವಿಗೆ ಎಷ್ಟು ಇಂಪಾಗಿತ್ತೆಂದರೆ ಆ ದಿನ ಪಾಠವನ್ನೇ ಬಿಟ್ಟು ಅವರಿಗೆ ಗೋವಿನ ಕಥೆ ಹೇಳಿದೆ. ಅರ್ಧ ಮರಾಠಿ, ಅರ್ಧ ಕೈಸನ್ನೆ. ಹುಲಿ ಬಂದ ಕೂಡಲೇ ಮಕ್ಕಳೆಲ್ಲ ಹತ್ತಿರ ಸರಿದು ಕೂತರು.

ಅವರು ಹುಲಿಯ ಕಥೆಗೆ ಹತ್ತಿರ ಸರಿಯುವುದಕ್ಕೆ ಕಾರಣವಿದೆ. ಈ ಕಾಡಿನಲ್ಲಿ ಚಿರತೆಗಳಿವೆ. ರಾಷ್ಟ್ರೀಯ ಉದ್ಯಾನ ಮತ್ತು ಅದರ ಸುತ್ತಲಿನ ಹಸಿರಿನಲ್ಲಿ ಐವತ್ತರ ಆಸುಪಾಸು ಚಿರತೆಗಳಿರುವುದನ್ನು ಕ್ಯಾಮೆರಾ ಗಣತಿಗಳು ತೋರಿಸಿವೆ. ಇಷ್ಟು ದಟ್ಟ ಜನವಸತಿಯ ಮಗ್ಗುಲಲ್ಲಿ ಇಷ್ಟೊಂದು ಚಿರತೆಗಳು ಬದುಕುವ ಮಹಾನಗರ ಜಗತ್ತಿನಲ್ಲಿ ಮತ್ತೊಂದಿಲ್ಲವೆಂದೇ ಹೇಳಬೇಕು. ಅದಕ್ಕೇ ನಮ್ಮ ಜಗಲಿಶಾಲೆಗೆ ಒಂದು ನಿಯಮ. ಬೆಳಕಿರುವಾಗಲೇ ಪಾಠ ಮುಗಿಯಬೇಕು. ಚಿಕ್ಕವರು ನಡುವೆ, ದೊಡ್ಡವರು ಹಿಂದೆಮುಂದೆ, ಗಟ್ಟಿಯಾಗಿ ಮಾತಾಡುತ್ತ ಗುಂಪಾಗಿ ಮನೆಗೆ ಹೋಗಬೇಕು. ಕತ್ತಲಾದ ಮೇಲೆ ಮಕ್ಕಳು ಅಂಗಳದಲ್ಲಿ ಒಂಟಿಯಾಗಿ ಕುಕ್ಕರಗಾಲಲ್ಲಿ ಕೂರಬಾರದು. ಮಳೆಗಾಲದ ಒಂದು ಬೆಳಗ್ಗೆ ಮೂರನೆಯ ತರಗತಿಯ ಹುಡುಗಿ ನನ್ನ ಕೈ ಹಿಡಿದು ದಾರಿಯಂಚಿಗೆ ಕರೆದೊಯ್ದು, ಕೆಸರಿನ ಮೇಲಿನ ಹೆಜ್ಜೆ ತೋರಿಸಿದಳು. ನಾಲ್ಕು ಬೆರಳು, ಒಂದು ಮೆತ್ತೆ, ಉಗುರಿನ ಗುರುತಿಲ್ಲ. ‘ನಾಯಿಯದಾದರೆ ಉಗುರು ಕಾಣುತ್ತದೆ ಆಜಿ’ ಎಂದಳು. ಎಂಟು ವರ್ಷದ ಆ ಮಗುವಿನ ಜೀವವಿಜ್ಞಾನಕ್ಕೆ ನಾನು ಮನಸ್ಸಿನಲ್ಲೇ ನೂರಕ್ಕೆ ನೂರು ಅಂಕ ಕೊಟ್ಟೆ.

ಚಿರತೆಯನ್ನೂ ಹುಲಿಯನ್ನೂ ವಾರಲಿಗಳು ‘ವಾಘ್’ ಎಂದೇ ಕರೆಯುತ್ತಾರೆ. ಅದರ ದೇವರು ವಾಘೋಬ. ಕಲ್ಲಿನ ಅಥವಾ ಮರದ ಹಲಗೆಯ ಮೇಲೆ ಹುಲಿಯ ಆಕೃತಿ, ಮೇಲೆ ಸೂರ್ಯಚಂದ್ರರು, ಮೈಗೆಲ್ಲ ಕೇಸರಿ ಸಿಂಧೂರ. ದೀಪಾವಳಿಯ ಆರಂಭದ ವಾಘಬಾರಸ್ ದಿನ ವಾಘೋಬನಿಗೆ ಪೂಜೆ. ನಮ್ಮನ್ನು, ನಮ್ಮ ದನಕರುಗಳನ್ನು ಮುಟ್ಟಬೇಡ ಎಂಬ ಬೇಡಿಕೆ. ನಮ್ಮ ಸಿದ್ದಾಪುರ ಶಿರಸಿಯ ಕಡೆ ದೊಡ್ಡಹಬ್ಬದಲ್ಲಿ ಹುಲಿಯಪ್ಪನಿಗೆ ಕಾಯಿ ಒಡೆಯುವುದೂ ಇದೇ ಬೇಡಿಕೆಗೆ. ಸಹ್ಯಾದ್ರಿಯ ಉದ್ದಕ್ಕೂ ಒಂದೇ ಭಯ, ಒಂದೇ ಭಕ್ತಿ ಹರಿದುಬಂದಿರುವುದನ್ನು ಗೋರೆಗಾಂವದ ಒಂದು ಮರದಡಿ ನಿಂತು ಕಂಡಾಗ ಮೈ ಜುಮ್ಮೆಂದಿತು. ಈ ಬಾಳು ಸುಲಭದ್ದೇನಲ್ಲ. 2021 ಮತ್ತು 2022ರಲ್ಲಿ ಆರೇಯಲ್ಲಿ ಚಿರತೆಯ ದಾಳಿಗಳಾದವು, ಒಂದು ಹಸುಗೂಸು ಜೀವ ಕಳೆದುಕೊಂಡಿತು. ಪಾಡಾದ ತಾಯಂದಿರು ಆ ನೋವನ್ನು ಮರೆತಿಲ್ಲ. ಮರೆಯದೆಯೂ ವಾಘೋಬನಿಗೆ ದೀಪ ಹಚ್ಚುತ್ತಾರೆ. ಕಾಡನ್ನು ಹಂಚಿಕೊಂಡು ಬದುಕುವುದೆಂದರೆ ಏನೆಂದು ತಿಳಿದವರ ನಡೆ ಅದು.

ಲೆಕ್ಕದ ಪಾಠಕ್ಕೆ ನನ್ನ ಪುಸ್ತಕಗಳಿಗಿಂತ ಹೆಚ್ಚು ಒದಗಿದ್ದು ಗೋರೆಗಾಂವದ ಸಂತೆ. ಮಳೆ ಬಿದ್ದ ಕೂಡಲೇ ಪಾಡಾದ ಹೆಂಗಸರು ಕಾಡಿನ ಸೊಪ್ಪು, ಗಡ್ಡೆ, ಕಾಯಿಗಳನ್ನು ಕಿತ್ತು ಸ್ಟೇಷನ್ನಿನ ಬಳಿ ಮಾರಲು ಕೂರುತ್ತಾರೆ. ಇಲ್ಲಿಯವರು ಅದನ್ನು ‘ರಾನ್‌ಭಾಜಿ’ ಎನ್ನುತ್ತಾರೆ. ಮೊದಲ ಮಳೆಗೆ ಶೇವ್ಳಾ, ಆಮೇಲೆ ಟಾಕ್ಲಾ, ಶ್ರಾವಣದ ಹೊತ್ತಿಗೆ ಕರ್ಟೋಲಿ. ಟಾಕ್ಲಾ ಎಂದರೆ ನಮ್ಮ ತಗಟೆ ಸೊಪ್ಪು, ಕರ್ಟೋಲಿ ನಮ್ಮ ಮಾಡಹಾಗಲ. ಶೇವ್ಳಾ ಸುವರ್ಣಗಡ್ಡೆಯ ಜಾತಿಯ ಕಾಡು ಗಿಡದ ಹೂದಂಡು. ಬರಿದೇ ಬೇಯಿಸಿ ತಿಂದರೆ ಗಂಟಲು ತುರಿಸುತ್ತದೆ. ಅದಕ್ಕೆ ಕಾಕಡ್ ಎಂಬ ಹುಳಿಕಾಯಿಯನ್ನು ಜೊತೆಗೆ ಹಾಕಲೇಬೇಕು. ಇದನ್ನು ನನಗೆ ವಿವರಿಸಿದವರು ಐದನೆಯ ತರಗತಿಯ ಇಬ್ಬರು ಗೆಳತಿಯರು. ತಾಯಿ ಸೊಪ್ಪಿನ ರಾಶಿಗಳನ್ನು, ಅಂದರೆ ‘ವಾಟಾ’ಗಳನ್ನು ಮಾಡಿ ಕೂರುವಾಗ ಪಕ್ಕದಲ್ಲಿ ಚಿಲ್ಲರೆ ಎಣಿಸಿದ ಮಕ್ಕಳು ಇವರು. ಕಪ್ಪುಹಲಗೆಯ ಮೇಲಿನ ಗುಣಾಕಾರಕ್ಕೆ ತಲೆ ತಗ್ಗಿಸಿ ಕೂತವರು, ‘ಇಪ್ಪತ್ತು ರೂಪಾಯಿಯ ಒಂದು ವಾಟಾ, ಏಳು ವಾಟಾ ಮಾರಿ ಬಂದರೆ ಕೈಯಲ್ಲೆಷ್ಟು, ರಿಕ್ಷಾಕ್ಕೆ ಇಪ್ಪತ್ತು ಹೋದರೆ ಮನೆಗೆಷ್ಟು?’ ಎಂದಾಗ ನಾನು ಪ್ರಶ್ನೆ ಮುಗಿಸುವುದರೊಳಗೆ ಉತ್ತರ ಕೊಟ್ಟರು. ಆಮೇಲೆ ಆ ಲೆಕ್ಕವನ್ನೇ ಹಲಗೆಯ ಮೇಲೆ ಬರೆದೆವು. ಅಂಕಿಗಳು ಅವರಿಗೆ ಪರಕೀಯವಾಗಿರಲೇ ಇಲ್ಲ, ಪುಸ್ತಕದ ದಾರಿ ಮಾತ್ರ ಹೊಸದಾಗಿತ್ತು.

ಚಿತ್ತಾರದ ದಿನದ ಬೆರಗನ್ನು ಹೇಳದೆ ಮುಂದೆ ಹೋಗಲಾರೆ. ವಾರಲಿ ಚಿತ್ರ ಇಂದು ಸೀರೆ, ಚೀಲ, ಹೋಟೆಲ್ ಗೋಡೆಗಳ ಮೇಲೆಲ್ಲ ಇದೆ. ಅದರ ಮೂಲ ಇರುವುದು ಮದುವೆ ಮನೆಯಲ್ಲಿ. ಕಾರ್ವಿ ಎಂಬ ಕಾಡುಪೊದೆಯ ಕಡ್ಡಿಗಳನ್ನು ಹೆಣೆದು, ಸಗಣಿ ಮಣ್ಣು ಮೆತ್ತಿದ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಮುತ್ತೈದೆಯರು ‘ಚೌಕ’ ಬರೆಯುತ್ತಾರೆ. ಚೌಕದೊಳಗೆ ಫಲವಂತಿಕೆಯ ದೇವಿ ಪಾಲಘಾಟ್. ಸುತ್ತ ಕಾಡು, ಪ್ರಾಣಿ, ಎರಡೆರಡು ತ್ರಿಕೋನಗಳಲ್ಲಿ ಮೂಡಿದ ಗಂಡು ಹೆಣ್ಣುಗಳು, ಸೋರೆಬುರುಡೆಯ ತಾರ್ಪಾ ಊದುವವನನ್ನು ಸುತ್ತಿ ಸುರುಳಿಯಾಗಿ ಕುಣಿಯುವ ಜನ. ಶತಮಾನಗಳಿಂದ ಹೆಂಗಸರ ಕೈಯಲ್ಲಿದ್ದ ಈ ಕಲೆಯನ್ನು ಕಾಗದ, ಬಟ್ಟೆಯ ಮೇಲೆ ತಂದು ಜಗತ್ತಿಗೆ ತೋರಿಸಿದವರು ಜಿವ್ಯಾ ಸೋಮಾ ಮಶೆ. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡರು. ನಮ್ಮ ಶಾಲೆಯ ಗೋಡೆಗೆ ಪಾಡಾದ ಹಿರಿಯಳೊಬ್ಬಳು ಬಿದಿರುಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಂಡು ಚೌಕ ಬರೆಯಲು ಕೂತಾಗ, ನಾನು ಫೋನಿನಲ್ಲಿದ್ದ ನಮ್ಮ ಸೀಮೆಯ ದೀವರ ಮನೆಗಳ ಹಸೆ ಚಿತ್ತಾರವನ್ನು ತೋರಿಸಿದೆ. ಅದೇ ಕೆಮ್ಮಣ್ಣಿನ ಗೋಡೆ, ಅದೇ ಅಕ್ಕಿಯ ಬಿಳಿ, ಅದೇ ಚೌಕಟ್ಟು, ಗೆರೆಯಲ್ಲಿ ಮೂಡಿದ ಮದುಮಕ್ಕಳು. ಅದನ್ನು ಬರೆಯುವವರೂ ಹೆಂಗಸರೇ, ಬರೆಯುವುದೂ ಮದುವೆಗೇ. ಅವಳು ಬಹಳ ಹೊತ್ತು ನೋಡಿದಳು. ‘ಇವಳು ನಮ್ಮವಳೇ. ಯಾವ ಪಾಡಾ?’ ಎಂದು ಕೇಳಿದಳು. ಅದು ಅರಬ್ಬೀ ಸಮುದ್ರದ ದಂಡೆಯುದ್ದಕ್ಕೂ ತೆಂಕಲಿಗೆ ಹೋದರೆ ಸಿಗುವ, ನೂರಾರು ಮೈಲಿ ದೂರದ ಕಾಡೂರು ಎಂದೆ. ಆ ದಿನ ಮಕ್ಕಳು ಗೋಡೆಯ ಒಂದು ಮೂಲೆಯಲ್ಲಿ ಹಸೆಯ ಏಣಿಸಾಲಿನ ಗೆರೆಗಳನ್ನೂ ಬರೆದರು.

ಈ ಕಾಡು ನಗರಕ್ಕೆ ಏನು ಕೊಟ್ಟಿದೆ ಎಂಬುದನ್ನು ಪರಿಸರದ ಪಾಠದಲ್ಲಿ ಮಕ್ಕಳಿಗೆ ಹೇಳುತ್ತೇನೆ. 1860ರಲ್ಲಿ ಕಟ್ಟಿ ಮುಗಿಸಿದ ವಿಹಾರ್ ಕೆರೆಯಿಂದ ಮುಂಬೈಗೆ ಮೊದಲ ಬಾರಿ ಕೊಳವೆಯಲ್ಲಿ ನೀರು ಹರಿಯಿತು. ಅದರ ಮತ್ತು ಪವಾಯಿ ಕೆರೆಯ ಕೋಡಿಯ ನೀರೇ ಮೀಠಿ ನದಿಯಾಗಿ ಮಾಹಿಮಿನ ಖಾರಿ ಸೇರುತ್ತದೆ. ಗೋಡೆಗೆ ಕಡ್ಡಿ ಕೊಡುವ ಕಾರ್ವಿಯೂ ಈ ಕಾಡಿನದೇ, ಅದು ಎಂಟು ವರ್ಷಕ್ಕೊಮ್ಮೆ ಮಾತ್ರ ಹೂಬಿಡುತ್ತದೆ. 2016ರಲ್ಲಿ ಬಿಟ್ಟಿತ್ತು, 2024ರ ಮಳೆಗಾಲದ ಕೊನೆಗೆ ಮತ್ತೆ ಉದ್ಯಾನದ ಇಳಿಜಾರುಗಳೆಲ್ಲ ನೀಲಿನೇರಳೆಯಾದವು. ಇನ್ನು 2032ಕ್ಕೆ. 2024ರಲ್ಲಿ ಮೂರನೆಯ ತರಗತಿಯಲ್ಲಿದ್ದ ಮಗು ಆಗ ಕಾಲೇಜಿನ ವಯಸ್ಸಿನಲ್ಲಿರುತ್ತದೆ ಎಂದು ಲೆಕ್ಕ ಹಾಕಿ ಅವರೇ ನಕ್ಕರು. ಇದೇ ಕಾಡಿನ ಮೇಲೆ ನಗರದ ಕಣ್ಣೂ ಇದೆ. 2019ರ ಅಕ್ಟೋಬರಿನಲ್ಲಿ ಹೈಕೋರ್ಟು ಮರ ಉಳಿಸುವ ಅರ್ಜಿಗಳನ್ನು ತಳ್ಳಿಹಾಕಿದ ರಾತ್ರಿಯೇ ಮೆಟ್ರೋ ಕಾರ್‌ಶೆಡ್ಡಿಗಾಗಿ ಮರ ಕಡಿಯಲು ಶುರುವಾಯಿತು. ಸುಪ್ರೀಂ ಕೋರ್ಟು ತಡೆ ಕೊಡುವಷ್ಟರಲ್ಲಿ 2,100ಕ್ಕೂ ಹೆಚ್ಚು ಮರಗಳು ಉರುಳಿದ್ದವು. 2024ರಿಂದ ಆರೇಯ ಮಗ್ಗುಲಿನಿಂದ ಸುರಂಗದ ಮೆಟ್ರೋ ಓಡುತ್ತಿದೆ. ಲಕ್ಷಾಂತರ ಜನರಿಗೆ ಅದು ಅನುಕೂಲ, ನಿಜ. ಆದರೆ ಆ ರಾತ್ರಿಯ ಗರಗಸದ ಸದ್ದನ್ನು ಪಾಡಾದ ಮಕ್ಕಳು ಇಂದಿಗೂ ಪ್ರಬಂಧದಲ್ಲಿ ಬರೆಯುತ್ತಾರೆ. ಮರಗಳನ್ನು ಹೆಸರು ಹಿಡಿದು ಬರೆಯುತ್ತಾರೆ.

ಇಂಥ ಮಕ್ಕಳಿಗೆ ಶಾಲೆ ಹೇಗಿರಬೇಕು? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಇತಿಹಾಸದ ಎರಡು ಶಾಲೆಗಳು ನೆನಪಾಗುತ್ತವೆ. ಒಂದು ಅಮೆರಿಕದ್ದು. 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಮೂಲನಿವಾಸಿ ಮಕ್ಕಳಿಗೆ ವಸತಿಶಾಲೆ ತೆರೆದ. ಮೊದಲ ತಂಡದಲ್ಲಿ ಬಂದವರು ಲಕೋಟ ಜನಾಂಗದ ಮಕ್ಕಳು. ಅವರ ಉದ್ದಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ಮನೆಮಾತಾಡಿದರೆ ದಂಡಿಸಿದರು. ಅಂಥ ಶಾಲೆಗಳು ದೇಶದ ತುಂಬ ಹಬ್ಬಿದವು. 2024ರ ಅಕ್ಟೋಬರಿನಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಜೋ ಬೈಡನ್ ಅದಕ್ಕಾಗಿ ದೇಶದ ಪರವಾಗಿ ಕ್ಷಮೆ ಕೇಳಿದರು. ಇಂದು ಲಕೋಟ ನಾಡಿನ ಶಾಲೆಗಳಲ್ಲಿ ಲಕೋಟ ಭಾಷೆಯನ್ನೇ ಕಲಿಸುತ್ತಾರೆ. ದೂರದೂರದಿಂದ ಸ್ವಯಂಸೇವಕರು ಹೋಗಿ ಅಲ್ಲಿ ನೆಲೆಸಿ ದುಡಿಯುತ್ತಾರೆ.

ಇನ್ನೊಂದು ಶಾಲೆ ನಮ್ಮದೇ ಪಶ್ಚಿಮ ರೈಲ್ವೆಯ ದಾರಿಯಲ್ಲಿದೆ. ವಿರಾರ್‌ನಲ್ಲಿ ಗಾಡಿ ಬದಲಿಸಿ ಡಹಾಣೂ ರೋಡಿಗೆ ಹೋಗಿ, ಚಿಕ್ಕೂ ತೋಟಗಳ ನಡುವೆ ಹಾದು ಕೋಸಬಾಡ್ ಗುಡ್ಡ ಹತ್ತಿದೆ. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ದುಡಿದ ನೆಲ ಅದು. ಮುಂಬೈಯಲ್ಲಿ ಹುಟ್ಟಿ, ಗಿಜುಭಾಯಿ ಬಧೇಕರ ಜೊತೆ ಭಾವನಗರದಲ್ಲಿ ಬಾಲಶಿಕ್ಷಣದ ಪ್ರಯೋಗ ಮಾಡಿದ ತಾರಾಬಾಯಿ, ಬಾಲ್ಯದಲ್ಲೇ ವಿಧವೆಯಾಗಿ ಓದಿ ಶಿಕ್ಷಕಿಯಾದ ಅನುತಾಯಿ. 1945ರಲ್ಲಿ ಬೋರ್ಡಿಯಲ್ಲಿ ಶುರುಮಾಡಿದ ಕೆಲಸವನ್ನು 1957ರಲ್ಲಿ ಕೋಸಬಾಡಿಗೆ ತಂದರು. ವಾರಲಿ ಮಕ್ಕಳು ಶಾಲೆಗೆ ಬರಲಿಲ್ಲ. ಆಗ ಈ ಇಬ್ಬರು ಮಕ್ಕಳನ್ನು ಬೈಯಲಿಲ್ಲ, ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ‘ಕುರಣ ಶಾಲೆ’ ನಡೆಸಿದರು. ಸೊಪ್ಪು, ಬೀಜ, ಕಡ್ಡಿ, ಕಲ್ಲುಗಳೇ ಕಲಿಕೆಯ ಸಾಮಗ್ರಿಯಾದವು. ತಾರಾಬಾಯಿಗೆ 1962ರಲ್ಲಿ ಪದ್ಮಭೂಷಣ, ಅನುತಾಯಿಗೆ 1985ರಲ್ಲಿ ಪದ್ಮಶ್ರೀ ಬಂದವು. ಆ ಗುಡ್ಡದ ಮೇಲೆ ನಿಂತಾಗ ನಾನು ಕೈಮುಗಿದದ್ದು ಪ್ರಶಸ್ತಿಗಳಿಗಲ್ಲ. ಮಗುವಿನ ಬಳಿಗೆ ತಾವೇ ನಡೆದುಹೋದ ಆ ಎರಡು ಜೊತೆ ಪಾದಗಳಿಗೆ.

ಕಾರ್ಲೈಲಿನ ದಾರಿ ಮಗುವನ್ನು ಮನೆಯಿಂದ ಕಿತ್ತು ಶಾಲೆಗೆ ಒಯ್ದಿತು. ಕೋಸಬಾಡಿನ ದಾರಿ ಶಾಲೆಯನ್ನು ಮನೆಯಂಗಳಕ್ಕೆ ತಂದಿತು. ಆರೇಯ ಮಕ್ಕಳ ನಡುವೆ ಕೂತ ಮೇಲೆ ಎರಡನೆಯದೇ ಸರಿ ಎಂಬ ನನ್ನ ನಂಬಿಕೆ ಗಟ್ಟಿಯಾಗಿದೆ. ವಾರಲಿ ಮಾತಿನಲ್ಲಿ ಕಥೆ ಹೇಳಿದ ಮಗು ಮರಾಠಿಯ ಪಾಠವನ್ನೂ ಧೈರ್ಯವಾಗಿ ಓದುತ್ತದೆ. ಹೆಜ್ಜೆಗುರುತು ಓದಬಲ್ಲ ಮಗುವಿಗೆ ಅಕ್ಷರ ಓದುವುದು ಕಷ್ಟವಲ್ಲ, ಅದರ ಮೊದಲ ಓದನ್ನು ಓದೆಂದು ಒಪ್ಪಿಕೊಳ್ಳುವವರು ಬೇಕು. ಈ ಮಹಾನಗರದ ಮೂಲದ ಜನ ಈ ಮಕ್ಕಳು. ಅವರಿಗೆ ನಾವು ಕೊಡುವುದು ದಾನವಲ್ಲ, ಅವರಿಗೆ ಸಲ್ಲಬೇಕಾದದ್ದು. ಸ್ವಯಂಸೇವಕರ ಕೈಯಲ್ಲಿ ಚೀಲ, ಛತ್ರಿ ಇರಲೇಬೇಕೆಂದಿಲ್ಲ. ಹೇಳಿದ ದಿನ, ಹೇಳಿದ ಹೊತ್ತಿಗೆ, ವರ್ಷಗಟ್ಟಲೆ ಬರುವ ಮನಸ್ಸಿದ್ದರೆ ಸಾಕು. ಬಂದವರು ಹೋಗುತ್ತಲೇ ಇರುವುದನ್ನು ಕಂಡ ಮಕ್ಕಳಿಗೆ ಉಳಿದುಕೊಂಡವರೊಬ್ಬರು ಬೇಕು.

ಮುಂಬೈಯ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಊರಿನ ಕನ್ನಡದ ರಾತ್ರಿ ಶಾಲೆಗಳು ಹೀಗೆಯೇ ಬೆಳೆದವು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಕರಾವಳಿಯ ಹುಡುಗರಿಗೆ, ಹಗಲು ಕಚೇರಿಯಲ್ಲಿ ದುಡಿದು ಬಂದವರು ರಾತ್ರಿ ಪಾಠ ಹೇಳಿದರು. ಆ ಶಾಲೆಗಳ ಬೆಂಚಿನಿಂದ ಎದ್ದವರು ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು, ಹೋಟೆಲ್ ಮಾಲೀಕರಾದರು. ಆ ಋಣ ನಮ್ಮ ಮೇಲಿದೆ. ಮುಂಬೈ ಮಹಾನಗರ ಪಾಲಿಕೆ ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ಅಂದರೆ ನಿಮ್ಮ ಮನೆಯ ಸಮೀಪದಲ್ಲಿ ಒಂದು ಶಾಲೆ ಇದ್ದೇ ಇದೆ. ನಿವೃತ್ತರಾಗಿದ್ದೀರಾ, ವಾರಕ್ಕೊಂದು ಮಧ್ಯಾಹ್ನ ಬಿಡುವಿದೆಯೇ? ಮುಖ್ಯಾಧ್ಯಾಪಕರನ್ನು ಕೇಳಿ, ಒಂದು ತರಗತಿ ಹಿಡಿದುಕೊಳ್ಳಿ. ಗೋರೆಗಾಂವದ ಆಸುಪಾಸಿನವರಾದರೆ ಆರೇಗೆ ಬನ್ನಿ. ಬೆಳಕಿರುವಾಗಲೇ ಬನ್ನಿ, ಕೈ ಬೀಸಿಕೊಂಡೇ ಬನ್ನಿ. ಮರುವಾರವೂ ತಪ್ಪದೆ ಬನ್ನಿ.